ಕಂಬಳಿಯಲ್ಲಿ ತಿಗಣೆ, ಮಣ್ಣಲ್ಲಿ ಅಳಿಲು

ನೆಂಟರ ಮನೆಯಲ್ಲಿ ನಾಮಕರಣ. ತೊಟ್ಟಿಲ ಪಕ್ಕದಲ್ಲಿ ಉಡುಗೊರೆಗಳ ರಾಶಿ ಬಿದ್ದಿತ್ತು. ಅಮೆರಿಕದಲ್ಲಿರುವ ಸೋದರತ್ತೆ ಕಳಿಸಿದ್ದ ಪುಟ್ಟ ಹೊದಿಕೆಯೊಂದು ಹೆಂಗಸರ ಕೈಯಿಂದ ಕೈಗೆ ಓಡಾಡುತ್ತಿತ್ತು. ಬೆಣ್ಣೆಯಂಥ ಬಟ್ಟೆ. ಮೂಲೆಯಲ್ಲಿ ಹಲ್ಲು ಕಿರಿಯುವ ಕೆಂಪು ಹುಳ, ಅದರ ಕೆಳಗೆ ಇಂಗ್ಲಿಷಿನ ಒಂದು ನುಡಿಗಟ್ಟು: ಸ್ನಗ್ ಆಸ್ ಎ ಬಗ್ ಇನ್ ಎ ರಗ್. ಮಗುವಿನ ಮುತ್ತಜ್ಜಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. "ಏನೋ ಬರ್ದಿದೆಯಲ್ಲಪ್ಪ, ಏನದು?"

"ಕಂಬಳಿಯೊಳಗಿನ ಹುಳದ ಹಾಗೆ ಬೆಚ್ಚಗಿರು ಅಂತ ಅಜ್ಜಿ" ಅಂದೆ.

"ಹುಳ ಸೇರ್ಕೊಂಡಿರೋ ಕಂಬಳೀನ ಯಾರಾದ್ರೂ ಎಳೆಕೂಸಿಗೆ ಹೊದಿಸ್ತಾರೇನೋ? ಬಿಸಿಲಿಗೆ ಹಾಕ್ರಿ ಮೊದ್ಲು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು, ಈ ಸಾಲು ಎಲ್ಲಿಂದ ಬಂತು ನೋಡೋಣ ಎಂದು ಹುಡುಕಲು ಕೂತವನಿಗೆ ಒಂದು ವಾರ ಬೇರೆ ಕೆಲಸ ಆಗಲಿಲ್ಲ. ಇಂಗ್ಲಿಷ್ ಬಲ್ಲ ಮೂವತ್ತು ಜನ ಅವತ್ತು ಆ ಮನೆಯಲ್ಲಿ ಸೇರಿದ್ದರೂ ಆ ಸಾಲನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಆ ಅಜ್ಜಿ ಒಬ್ಬರೇ ಎಂದು ಕೊನೆಗೆ ಗೊತ್ತಾಯಿತು.

ಏಕೆಂದರೆ ಆ ಹುಳ ತಿಗಣೆ. 18ನೇ ಶತಮಾನದ ಲಂಡನ್ನಿನಲ್ಲಿ ಮನೆಯೊಳಗೆ ಕೂತು 'ಬಗ್' ಅಂದರೆ ಕೇಳಿದವರ ಕೈ ತನ್ನಷ್ಟಕ್ಕೆ ತೊಡೆ ಕೆರೆಯಲು ಹೋಗುತ್ತಿತ್ತು. 1730ರಲ್ಲಿ ಜಾನ್ ಸೌತಾಲ್ ಎಂಬಾತ ತಿಗಣೆಗಳ ಮೇಲೆಯೇ ಒಂದು ಪುಸ್ತಕ ಅಚ್ಚು ಹಾಕಿಸಿದ. ಜಮೈಕಾದಲ್ಲಿ ಒಬ್ಬ ಕರಿಯ ಮುದುಕನಿಂದ ಕಲಿತ ಔಷಧಿಯೆಂದು ಹೇಳಿ ತಿಗಣೆ ಕೊಲ್ಲುವ ನೀರನ್ನು ಮಾರುತ್ತಿದ್ದವನು ಅವನು; ಪುಸ್ತಕ ಆ ಸೀಸೆಗಳಿಗೆ ಜಾಹೀರಾತು. ಇನ್ನು 'ರಗ್' ಎಂದರೆ ಆಗ ನೆಲಕ್ಕೆ ಹಾಸುವ ವಸ್ತುವಲ್ಲ, ಮಂಚದ ಮೇಲೆ ಹೊದೆಯುವ ಒರಟು ಉಣ್ಣೆಯ ಹೊದಿಕೆ. ಇಂಗ್ಲಿಷರ ರಗ್ಗು ಮಂಚದಿಂದ ಇಳಿದು ನೆಲ ಸೇರಿದ್ದು 19ನೇ ಶತಮಾನ ಶುರುವಾದ ಮೇಲೆ.

ಇಲ್ಲಿ ನನಗೊಂದು ಸಣ್ಣ ಹೆಮ್ಮೆ. ಕನ್ನಡದ ರಗ್ಗು ಇವತ್ತಿಗೂ ಹೊದೆಯುವ ರಗ್ಗೇ. "ಚಳಿ ಇದೆ, ರಗ್ಗು ಹೊದ್ಕೊ" ಎನ್ನುವ ತಾಯಿ 18ನೇ ಶತಮಾನದ ಇಂಗ್ಲಿಷ್ ಆಡುತ್ತಿದ್ದಾಳೆ. ನೆಲಕ್ಕೆ ನಮ್ಮಲ್ಲಿ ಚಾಪೆ ಇತ್ತು, ಜಮಖಾನ ಇತ್ತು. ರಗ್ಗನ್ನು ಕಾಲ ಕೆಳಗೆ ಹಾಕುವ ದರ್ದು ನಮಗೆ ಬರಲಿಲ್ಲ. ಹಾಗಾಗಿ ಆ ನುಡಿಗಟ್ಟನ್ನು ಕನ್ನಡಕ್ಕೆ ತರುವುದು ಬಲು ಸುಲಭ. ರಗ್ಗಿನೊಳಗಿನ ತಿಗಣೆಯ ಹಾಗೆ. ರಕ್ತ ಕುಡಿದು, ಬೆಳಗ್ಗೆ ಉಣ್ಣೆಯ ಮಡಿಕೆಯೊಳಗೆ ಹೋಗಿ ಮಲಗಿದ ತಿಗಣೆ. ಅದರ ಸುಖಕ್ಕೆ ಸಾಟಿಯಿಲ್ಲ, ನಿಜ. ಆದರೆ ಮಗುವಿನ ಹೊದಿಕೆಯ ಮೇಲೆ?

ಸ್ನಗ್ ಎಂಬ ಪದ ಮಾತ್ರ ಹಾಸಿಗೆಯಲ್ಲಿ ಹುಟ್ಟಿದ್ದಲ್ಲ. ಅದು ಕಡಲಿನಿಂದ ಬಂದದ್ದು. 16ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಬರಹದೊಳಗೆ ಅದು ಕಾಲಿಟ್ಟಾಗ ಹಡಗಿಗೆ ಹೇಳುವ ಮಾತಾಗಿತ್ತು. ಬೇಡದ ಹಾಯಿಗಳನ್ನು ಸುತ್ತಿ ಕಟ್ಟಿ, ಹಗ್ಗ ಬಿಗಿದು, ಉರುಳಾಡುವ ಪೀಪಾಯಿಗಳನ್ನು ಒಂದಕ್ಕೊಂದು ಬಂಧಿಸಿ, ತಳಕ್ಕಿಳಿಯುವ ಬಾಗಿಲುಗಳನ್ನು ಮುಚ್ಚಿ, ಬಿರುಗಾಳಿ ಬಂದರೆ ಬರಲಿ ಎಂದು ಮೈ ಒಟ್ಟುಮಾಡಿಕೊಂಡು ನಿಂತ ಹಡಗು ಸ್ನಗ್. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಂಚು ಕೈಯಾಡಿಸಿ, ಸೌದೆ ಒಟ್ಟಿ, ಜಗಲಿಗೆ ತಟ್ಟಿ ಕಟ್ಟಿ, ಮೊದಲ ಮಳೆಗೆ ಕಾಯುವ ಮನೆಯ ಸ್ಥಿತಿ ಅದು. ಸ್ವೀಡಿಷ್ ಭಾಷೆಯ ಒಂದು ಪದ, ಅಚ್ಚುಕಟ್ಟು ಎಂಬ ಅರ್ಥದ್ದು, ಇದರ ದಾಯಾದಿ ಇರಬಹುದೆಂದು ನಿಘಂಟುಕಾರರು ಊಹಿಸುತ್ತಾರೆ. ಇನ್ನೂ ಹಿಂದಕ್ಕೆ ಹೋದವರು ಹಳೆಯ ನಾರ್ಸ್ ಭಾಷೆಯಲ್ಲಿ 'ಕೂದಲು ಮೋಟಾದ' ಎಂಬ ಅರ್ಥದ ಪದಕ್ಕೆ ಗಂಟು ಹಾಕುತ್ತಾರೆ. ಹೊರಗೆ ಚಾಚಿಕೊಂಡದ್ದೇನೂ ಉಳಿಯಬಾರದು, ಗಾಳಿಗೆ ಹಿಡಿ ಸಿಗಬಾರದು, ಅಷ್ಟೇ. ಬೆಚ್ಚಗಿರುವುದಕ್ಕೂ ಮೆತ್ತಗಿರುವುದಕ್ಕೂ ಈ ಪದಕ್ಕೂ ಆಗ ಸಂಬಂಧವೇ ಇರಲಿಲ್ಲ.

ಷೇಕ್ಸ್‌ಪಿಯರ್ ತನ್ನ 'ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್' ನಾಟಕದಲ್ಲಿ ಒಬ್ಬ ಬಡಗಿಗೆ ಸ್ನಗ್ ಎಂದೇ ಹೆಸರಿಟ್ಟ. ಸಂದಿಲ್ಲದಂತೆ ಮರಕ್ಕೆ ಮರ ಕೂರಿಸುವವನು. 'ಮೈಗೆ ಸರಿಯಾಗಿ ಕೂರುವ' ಎಂಬ ಅರ್ಥ ಈ ಪದಕ್ಕೆ 19ನೇ ಶತಮಾನದಲ್ಲಿ ಬಂತು ಎಂದು ಕೆಲವು ನಿಘಂಟುಗಳು ಬರೆದುಕೊಂಡಿವೆ. ಬಡಗಿ ಸ್ನಗ್ ಅದಕ್ಕೂ ಇನ್ನೂರು ವರ್ಷಕ್ಕೂ ಹೆಚ್ಚು ಮುಂಚೆ ರಂಗದ ಮೇಲೆ ಸಿಂಹದ ವೇಷ ಹಾಕಿ ಗರ್ಜಿಸುತ್ತಿದ್ದ. ಅಚ್ಚಾದ ಸಾಕ್ಷಿ ಸಿಕ್ಕ ವರ್ಷವನ್ನೇ ಪದ ಹುಟ್ಟಿದ ವರ್ಷ ಎಂದುಕೊಂಡರೆ ಹೀಗಾಗುತ್ತದೆ. ಬಡಗಿಗಳು ತಮ್ಮ ಮಾತನ್ನು ಅಚ್ಚು ಹಾಕಿಸುತ್ತಾ ಕೂರುವವರಲ್ಲ.

1620ರ ದಶಕದ ಹೊತ್ತಿಗೆ ಪದ ಹಡಗಿನಿಂದ ಇಳಿದು ಮನುಷ್ಯನ ಮೈಗೆ ಅಂಟಿತ್ತು. ಆಮೇಲಿನ ಒಂದು ಶತಮಾನದ ಕಥೆ ಸಪ್ಪೆ. 1706ರಲ್ಲಿ ಯಾರೋ ಪೆಟ್ಟಿಗೆಯೊಳಗಿನ ಜೇನುಹುಳದ ಹಾಗೆ ಸ್ನಗ್ ಎಂದು ಬರೆದರು. ಪ್ರಾಸ ಇರಲಿಲ್ಲ, ಬಾಳಲಿಲ್ಲ. ತಿಗಣೆ ರಂಗಕ್ಕೆ ಬಂದದ್ದು 1769ರಲ್ಲಿ, ಅದೂ ಷೇಕ್ಸ್‌ಪಿಯರ್‌ನ ಊರಿನ ನೆಪದಲ್ಲಿ. ಆ ಸೆಪ್ಟೆಂಬರಿನಲ್ಲಿ ನಟ ಡೇವಿಡ್ ಗ್ಯಾರಿಕ್ ಸ್ಟ್ರಾಟ್‌ಫರ್ಡ್‌ನಲ್ಲಿ ಮೂರು ದಿನದ ಷೇಕ್ಸ್‌ಪಿಯರ್ ಜಾತ್ರೆ ಏರ್ಪಡಿಸಿದ. ಷೇಕ್ಸ್‌ಪಿಯರ್‌ನ ಒಂದೇ ಒಂದು ನಾಟಕವನ್ನೂ ಆಡಲಿಲ್ಲ ಎಂಬುದು ಆ ಜಾತ್ರೆಯ ಹೆಗ್ಗಳಿಕೆ. ಎರಡನೆಯ ದಿನ ಹಿಡಿದ ಮಳೆಗೆ ಏವನ್ ನದಿ ಉಕ್ಕಿ, ನದಿದಡದ ಮರದ ಮಂಟಪಕ್ಕೆ ನೀರು ನುಗ್ಗಿ, ವೇಷಧಾರಿಗಳ ನರ್ತನ ಕೆಸರಿನಲ್ಲಿ ನಡೆಯಿತು. ಜೀವನಚರಿತ್ರೆಕಾರ ಬಾಸ್ವೆಲ್ ಕಾರ್ಸಿಕಾ ದ್ವೀಪದ ನಾಯಕನ ಪೋಷಾಕಿನಲ್ಲಿ ಓಡಾಡಿಕೊಂಡಿದ್ದ. ಇದನ್ನೆಲ್ಲ ಗೇಲಿ ಮಾಡಿ ಫ್ರಾನ್ಸಿಸ್ ಜೆಂಟಲ್‌ಮನ್ ಎಂಬ ನಾಟಕಕಾರ ಅದೇ ವರ್ಷ ಒಂದು ಪ್ರಹಸನ ಬರೆದ. ಅದರಲ್ಲಿ ದುಡ್ಡಿರುವ ಹೆಂಗಸನ್ನು ಕಟ್ಟಿಕೊಳ್ಳಲು ಹೊರಟವನೊಬ್ಬನ ಬಾಯಿಂದ ಈ ಮಾತು ಬರುತ್ತದೆ. ಈಗ ಸಿಕ್ಕಿರುವುದರಲ್ಲಿ ಅದೇ ಹಳೆಯದು. ಇನ್ನೊಬ್ಬರ ರಕ್ತದ ಮೇಲೆ ಸುಖವಾಗಿರಲು ಹೊರಟವನ ಬಾಯಲ್ಲಿ ತಿಗಣೆಯ ಹೋಲಿಕೆ. ಎಷ್ಟು ಸರಿಯಾಗಿ ಕೂತಿದೆ ನೋಡಿ, ಬಡಗಿ ಸ್ನಗ್ ಕೂರಿಸಿದ ಹಾಗೆ.

ಅದಾಗಿ ಮೂರು ವರ್ಷಕ್ಕೆ ಅಳಿಲು ಸತ್ತಿತು.

ಬೆಂಜಮಿನ್ ಫ್ರಾಂಕ್ಲಿನ್ ಆಗ ಲಂಡನ್ನಿನ ಕ್ರೇವನ್ ಬೀದಿಯಲ್ಲಿ ಬಾಡಿಗೆಗಿದ್ದ. ಪೆನ್ಸಿಲ್ವೇನಿಯಾ ಮತ್ತಿತರ ಅಮೆರಿಕನ್ ವಸಾಹತುಗಳ ಪರವಾಗಿ ಸರ್ಕಾರದ ಬಾಗಿಲು ಕಾಯುವ ಕೆಲಸ. ಹೆಂಡತಿ ಡೆಬೊರಾ ಫಿಲಡೆಲ್ಫಿಯಾದಲ್ಲಿ. ಆಕೆಗೆ ಕಡಲೆಂದರೆ ಎಷ್ಟು ಭಯವೆಂದರೆ ಗಂಡ ವರ್ಷಗಟ್ಟಲೆ ಆಚೆ ದಡದಲ್ಲಿದ್ದರೂ ಆಕೆ ಹಡಗು ಹತ್ತಲಿಲ್ಲ. ತನ್ನ ಬದಲು ಬೇರೆ ಏನೇನನ್ನೋ ಹತ್ತಿಸಿ ಕಳಿಸುತ್ತಿದ್ದಳು. ಒಂದು ಸಲ ಬೂದು ಬಣ್ಣದ ಅಳಿಲು ಕಳಿಸಿದಳು. ಅಮೆರಿಕದ ಪಳಗಿಸಿದ ಅಳಿಲೆಂದರೆ ಆಗ ಇಂಗ್ಲೆಂಡಿನ ದೊಡ್ಡ ಮನೆಗಳ ಹೆಣ್ಣುಮಕ್ಕಳಿಗೆ ಶೋಕಿ. ಫ್ರಾಂಕ್ಲಿನ್ ಅದನ್ನು ತನ್ನ ಗೆಳೆಯ ಬಿಷಪ್ ಜೊನಾಥನ್ ಶಿಪ್ಲಿಯ ಮನೆಗೆ ಕೊಟ್ಟ. ಹ್ಯಾಂಪ್‌ಶೈರಿನ ಟ್ವೈಫರ್ಡ್ ಹಳ್ಳಿಯಲ್ಲಿ ಬಿಷಪ್ಪರ ಮನೆ, ತುಂಬ ಹೆಣ್ಣುಮಕ್ಕಳು. 1771ರ ಬೇಸಿಗೆಯಲ್ಲಿ ಅಲ್ಲಿ ಕೂತೇ ಫ್ರಾಂಕ್ಲಿನ್ ತನ್ನ ಪ್ರಸಿದ್ಧ ಆತ್ಮಕಥೆಯನ್ನು ಶುರು ಮಾಡಿದ್ದ, ಮಗ ವಿಲಿಯಂಗೆ ಬರೆದ ಕಾಗದದ ರೂಪದಲ್ಲಿ. ಆ ಮಗನನ್ನು ನೆನಪಿಟ್ಟುಕೊಳ್ಳಿ.

ಅಳಿಲಿಗೆ ಮುಂಗೋ ಎಂದು ಹೆಸರು. ಅದರ ಒಡತಿ ಬಿಷಪ್ಪರ ಮಗಳು ಜಾರ್ಜಿಯಾನಾ. ಒಂದು ದಿನ ಮುಂಗೋ ಗೂಡಿನಿಂದ ತಪ್ಪಿಸಿಕೊಂಡಿತು, ರೇಂಜರ್ ಎಂಬ ನಾಯಿಯ ಬಾಯಿಗೆ ಸಿಕ್ಕಿತು. ಹುಡುಗಿ ಅಳುತ್ತಾ ಕಾಗದ ಬರೆದಳು. 1772ರ ಸೆಪ್ಟೆಂಬರ್ 26ರಂದು ಫ್ರಾಂಕ್ಲಿನ್ ಲಂಡನ್ನಿನಿಂದ ಉತ್ತರಿಸಿದ. ಆಗ ಅವನಿಗೆ ಅರುವತ್ತಾರು ವರ್ಷ. ಮಿಂಚನ್ನು ಕಬ್ಬಿಣದ ಸರಳಿಗೆ ಕಟ್ಟಿದವನು, ಯುರೋಪಿನ ಪಂಡಿತರೆಲ್ಲ ಟೋಪಿ ತೆಗೆಯುತ್ತಿದ್ದವನು, ಒಂದು ಅಳಿಲಿಗಾಗಿ ಚರಮಗೀತೆ ಹೊಸೆದ. ದೊಡ್ಡವರ ಗೋರಿಗಳ ಮೇಲೆ ಕೆತ್ತುತ್ತಾರಲ್ಲ, ಗದ್ಯವೂ ಅಲ್ಲದ ಪದ್ಯವೂ ಅಲ್ಲದ ಆ ಗಂಭೀರ ಧಾಟಿ. ಮುಂಗೋ ಒಳ್ಳೆಯ ವಿದ್ಯಾಭ್ಯಾಸ ಪಡೆದವನು, ದೇಶ ಸುತ್ತಿ ಲೋಕ ಕಂಡವನು, ಅವನಿಗೆ ಹೀಗಾಗಬಾರದಿತ್ತು ಎಂದೆಲ್ಲ. ಅಣಕ ಎಲ್ಲಿ ಮುಗಿಯುತ್ತದೆ, ಮರುಕ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ಬಾರದ ಬರವಣಿಗೆ.

ಕೊನೆಯಲ್ಲಿ ಅವನು ಹುಡುಗಿಗೆ ಒಂದು ಸಾಹಿತ್ಯ ಪಾಠ ಮಾಡುತ್ತಾನೆ. ಇಂಥ ಗಂಭೀರ ಶೈಲಿಯೇ ಚರಮಲೇಖಕ್ಕೆ ತಕ್ಕದ್ದು. ಇದರ ಬದಲು ಅಗ್ಗದ ಪ್ರಾಸದಲ್ಲಿ ಬರೆದಿದ್ದರೆ ಎಷ್ಟು ಅಸಹ್ಯವಾಗಿರುತ್ತಿತ್ತು ನೋಡು ಎಂದು, ಕೆಟ್ಟ ಮಾದರಿಯೊಂದನ್ನು ತಾನೇ ಕಟ್ಟಿ ತೋರಿಸುತ್ತಾನೆ. ಎರಡೆರಡು ಮೂರು ಮೂರು ಪದದ ನಾಲ್ಕು ತುಂಡು ಸಾಲು. ಬೆಕ್ಕನ್ನು ಪುಸ್ ಎಂದು ಕರೆದ ಹಾಗೆ ಆಗ ಅಳಿಲನ್ನು ಸ್ಕಗ್ ಎಂದು ಕರೆಯುತ್ತಿದ್ದರು. ಸ್ಕಗ್, ಸ್ನಗ್, ಬಗ್, ರಗ್: ನಾಲ್ಕಕ್ಕೆ ನಾಲ್ಕೂ ಪ್ರಾಸ ಕೂಡಿತು. ಮುಂಗೋಗೆ ಇಷ್ಟು ಸಾಕು ಎನ್ನುವ ಕಲ್ಲುಹೃದಯದವರೂ ಲೋಕದಲ್ಲಿ ಇರಬಹುದು ಎಂದು ಕೊಂಕು ನುಡಿದು, ಬೇಕಿದ್ದರೆ ಇನ್ನೊಂದು ಅಳಿಲು ತರಿಸಿಕೊಡುತ್ತೇನೆ ಎಂದು ಕಾಗದ ಮುಗಿಸುತ್ತಾನೆ.

ಆ ದೊಡ್ಡ ಚರಮಗೀತೆ ಇವತ್ತು ಯಾರಿಗೂ ನೆನಪಿಲ್ಲ. ಹೀಗೆ ಬರೆಯಬಾರದು ಎಂದು ಕೊಟ್ಟ ಮಾದರಿ ಉಳಿಯಿತು. ಈ ನುಡಿಗಟ್ಟನ್ನು ಫ್ರಾಂಕ್ಲಿನ್ನೇ ಹುಟ್ಟಿಸಿದ ಎಂದು ಬರೆಯುವವರು ಈಗಲೂ ಇದ್ದಾರೆ. ಹುಟ್ಟಿಸಲಿಲ್ಲ, ಹೆಸರು ಕೊಟ್ಟ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಆ ಸಾಲುಗಳಲ್ಲಿ ಸ್ನಗ್ ಆಗಿರುವುದು ಯಾರು ಎಂಬುದು. ಹೆಣ. ಮಣ್ಣನ್ನು ಹೊದ್ದು, ಇನ್ನು ನಾಯಿಯ ಕಾಟವಿಲ್ಲದೆ, ಅಲುಗದೆ ಮಲಗಿರುವ ಅಳಿಲು. ನಾಮಕರಣದ ಹೊದಿಕೆಯ ಮೇಲೆ ಅಚ್ಚು ಹಾಕಿಸಿದವರಿಗೆ ಇದು ಗೊತ್ತಿದ್ದರೆ!

ಇನ್ನೂ ಒಂದು ಸುಳಿ ಇದೆ ಆ ಕಾಗದದಲ್ಲಿ. ಮುಂಗೋ ಗೂಡಿನಲ್ಲಿದ್ದಿದ್ದರೆ ಬದುಕುತ್ತಿತ್ತು. ಸ್ವಾತಂತ್ರ್ಯದ ಆಸೆಗೆ ಬಿದ್ದು ಸತ್ತಿತು. ಹಾಗಾಗಿ ಹೆಚ್ಚಿನ ಸ್ವಾತಂತ್ರ್ಯ ಬೇಡುವವರೇ, ನೀವು ಪ್ರಜೆಗಳಾಗಿರಿ, ಗಂಡುಮಕ್ಕಳಾಗಿರಿ, ಅಳಿಲುಗಳಾಗಿರಿ, ಹೆಣ್ಣುಮಕ್ಕಳಾಗಿರಿ, ಕಟ್ಟು ಎಂದು ಕಾಣುವುದೇ ನಿಮಗೆ ಕಾವಲಾಗಿರಬಹುದು ಎಂದು ತಿಳಿಯಿರಿ. ಇದು ಅವನ ಉಪದೇಶದ ಸಾರ. ಯಾರು ಬರೆದದ್ದು ಇದನ್ನು? ಅಲ್ಪಕಾಲದ ಭದ್ರತೆಗಾಗಿ ಮೂಲ ಸ್ವಾತಂತ್ರ್ಯವನ್ನು ಬಿಟ್ಟುಕೊಡುವವರಿಗೆ ಎರಡಕ್ಕೂ ಅರ್ಹತೆಯಿಲ್ಲ ಎಂದು 1755ರಲ್ಲಿ ಪೆನ್ಸಿಲ್ವೇನಿಯಾ ಶಾಸನಸಭೆಯ ಪರವಾಗಿ ಬರೆದವನು. ಅಳಿಲಿನ ಕಾಗದದ ನಾಲ್ಕು ವರ್ಷಕ್ಕೆ, 1776ರಲ್ಲಿ, ರಾಜನ ಗೂಡಿನ ಬಾಗಿಲು ಮುರಿದು ಹೊರಬಂದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನು. ತಮಾಷೆಗೆ ಬರೆದ ಎನ್ನುತ್ತಾರೆ. ಇರಬಹುದು. 1772ರಲ್ಲಿ ಅವನಿನ್ನೂ ಗೂಡಿನೊಳಗೇ ಇದ್ದ, ಬ್ರಿಟಿಷ್ ಸಾಮ್ರಾಜ್ಯ ಒಡೆಯದೆ ಉಳಿಯಲಿ ಎಂದು ದುಡಿಯುತ್ತಿದ್ದ ಎಂಬುದನ್ನು ಮರೆಯಬಾರದು. ಕ್ರೇವನ್ ಬೀದಿಯ ಆ ಬಾಡಿಗೆ ಮನೆಯಲ್ಲಿ ಅವನು ಬಹಳ ಸ್ನಗ್ ಆಗಿದ್ದ. ಡೆಬೊರಾ 1774ರ ಡಿಸೆಂಬರಿನಲ್ಲಿ ತೀರಿಕೊಂಡಳು. ಗಂಡನ ಮುಖ ನೋಡಿ ಆಗಲೇ ಹತ್ತು ವರ್ಷವಾಗಿತ್ತು. ಅಳಿಲು ದಾಟಿದ ಕಡಲನ್ನು ಅವಳು ದಾಟಲಿಲ್ಲ, ಅವನು ಸಮಯಕ್ಕೆ ದಾಟಲಿಲ್ಲ.

(ಅಳಿಲಿನ ಮಾತು ಬಂದದ್ದಕ್ಕೆ ಇಷ್ಟು: 1876ರಲ್ಲಿ ಚೆಷೈರಿನ ಹೆನ್‌ಬರಿ ಪಾರ್ಕಿನಲ್ಲಿ ಅಮೆರಿಕದ ಬೂದು ಅಳಿಲುಗಳನ್ನು ಅಂದಕ್ಕೆಂದು ಬಿಟ್ಟರು. ಅವುಗಳನ್ನು ಯಾವ ರೇಂಜರನೂ ಹಿಡಿಯಲಿಲ್ಲ. ಇಂದು ಇಂಗ್ಲೆಂಡಿನ ಬಹುಪಾಲು ಮರಗಳು ಅವುಗಳವು, ಊರಿನ ಕೆಂಪಳಿಲು ಮೂಲೆ ಸೇರಿದೆ. ಮುಂಗೋ ಒಂದು ಶತಮಾನ ಬೇಗ ಗೂಡು ಬಿಟ್ಟಿತು.)

ಬಿಷಪ್ಪರ ಹಿರಿಯ ಮಗಳು ಆ್ಯನಾ ಮರಿಯಾಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಅವಳು 1783ರಲ್ಲಿ ಮದುವೆಯಾದದ್ದು ವಿಲಿಯಂ ಜೋನ್ಸ್ ಎಂಬ ವಕೀಲನನ್ನು. ಮದುವೆಯಾದ ಕೂಡಲೇ ಇಬ್ಬರೂ ಕಲ್ಕತ್ತೆಯ ಹಡಗು ಹತ್ತಿದರು. ಹೌದು, ಅದೇ ಜೋನ್ಸ್. ಮರುವರ್ಷ ಏಷ್ಯಾಟಿಕ್ ಸೊಸೈಟಿ ಕಟ್ಟಿ, 1786ರ ಫೆಬ್ರವರಿ 2ರಂದು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬೇರಿನಿಂದ ಒಡೆದವು ಎಂದು ಸಾರಿದವನು. ಸ್ನಗ್ ಪದಕ್ಕೆ ಸ್ವೀಡನ್ನಿನಲ್ಲಿ ದಾಯಾದಿ ಹುಡುಕುವ ವಿದ್ಯೆ ಬೆಳೆದದ್ದು ಅಂಥ ಮಾತುಗಳಿಂದ. ಆ ವಂಶವೃಕ್ಷದಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ನಮ್ಮ ಮನೆ ಬೇರೆ, ತಮಿಳು ತೆಲುಗಿನ ಜತೆ ಎಂದು ಮದರಾಸಿನ ಎಲ್ಲಿಸ್ ತೋರಿಸಲು 1816 ಬರಬೇಕಾಯಿತು. ಅಳಿಲಿಗಾಗಿ ಅತ್ತ ಮನೆಯ ಅಳಿಯ ಭಾಷೆಗಳ ಜಾತಕ ಬರೆದ ಎಂಬುದು ಆಕಸ್ಮಿಕ. ಆದರೂ ಹೇಳಿಕೊಳ್ಳಲು ಖುಷಿ.

ಇತ್ತ ಕಡಲಿನವರು ತಮ್ಮ ಪದವನ್ನು ಮರೆತಿರಲಿಲ್ಲ. 1801ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾಪ್ಟನ್ ರಾಬರ್ಟ್ ರಿಚರ್ಡ್ ರಾಂಡಲ್ ಎಂಬ ಶ್ರೀಮಂತ ಸಾಯುವ ಮುಂಚೆ ಉಯಿಲು ಬರೆದ. ಅಪ್ಪ ಯುದ್ಧಕಾಲದಲ್ಲಿ ಶತ್ರು ಹಡಗುಗಳನ್ನು ಪರವಾನಗಿ ಪಡೆದು ದೋಚಿ ಗಳಿಸಿದ ಆಸ್ತಿ ಅದು. ಮುದಿಯಾಗಿ, ಮೈಸೋತು, ದುಡಿಯಲಾರದ ನಾವಿಕರಿಗೆ ಒಂದು ಆಸರೆ ಕಟ್ಟಿ, ಅದಕ್ಕೆ ಸೇಲರ್ಸ್ ಸ್ನಗ್ ಹಾರ್ಬರ್ ಎಂದು ಹೆಸರಿಡಿ ಎಂದ. ಗಾಳಿ ತಾಗದ ಬಂದರು. ಪದದ ಹಳೆಯ ಅರ್ಥ, ಹೊಸ ಅರ್ಥ ಎರಡೂ ಒಂದೇ ಹೆಸರಿನಲ್ಲಿ ಲಂಗರು ಹಾಕಿದ್ದು ನನಗೆ ತಿಳಿದಂತೆ ಇಲ್ಲೊಂದೇ ಕಡೆ.

ಆಸ್ತಿ ಎಂದ ಮೇಲೆ ದಾಯಾದಿಗಳು ಬರಲೇಬೇಕು. ಮೂವತ್ತು ವರ್ಷ ವ್ಯಾಜ್ಯ ನಡೆಯಿತು. ಕೊನೆಯ ಸುತ್ತಿನಲ್ಲಿ ಹಕ್ಕು ಹೇಳಿದವನು ನೋವಾ ಸ್ಕೋಷಿಯಾದ ಬಿಷಪ್ ಜಾನ್ ಇಂಗ್ಲಿಸ್. ಈ ಕಥೆಯಲ್ಲಿ ಬರುವ ಎರಡನೇ ಬಿಷಪ್, ಆದರೆ ಶಿಪ್ಲಿಯಂಥವನಲ್ಲ. ಶಿಪ್ಲಿ ಇಂಗ್ಲೆಂಡಿನಲ್ಲಿದ್ದುಕೊಂಡೇ ಅಮೆರಿಕದ ಮೇಲಿನ ಯುದ್ಧವನ್ನು ವಿರೋಧಿಸಿದವನು. ಇಂಗ್ಲಿಸ್‌ನ ಅಪ್ಪ ನ್ಯೂಯಾರ್ಕಿನಲ್ಲಿದ್ದುಕೊಂಡು ರಾಜನಿಗೆ ನಿಷ್ಠನಾಗಿ ಊರು ಬಿಟ್ಟು ಹೋದವನು. ಮಗ ಕ್ರಾಂತಿಯ ಹೊತ್ತಿನಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು. ಹಾಗಾದರೆ ಅವನು ಯಾವ ದೇಶದವನು? ಪರದೇಶಿಯಾದರೆ ಜಮೀನು ಸಿಗುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1830ರಲ್ಲಿ ಕೊಟ್ಟ ತೀರ್ಪಿನಲ್ಲಿ ಬಿಷಪ್ಪನಿಗೆ ಸೋಲಾಯಿತು. ಒಬ್ಬ ಮನುಷ್ಯ ಯಾವ ದೇಶದ ಪ್ರಜೆ ಎಂಬ ಜಿಜ್ಞಾಸೆಗೆ ಅಲ್ಲಿನ ಕಾನೂನು ಪುಸ್ತಕಗಳು ಇವತ್ತಿಗೂ ಆ ತೀರ್ಪನ್ನು ತೆರೆದು ನೋಡುತ್ತವೆ. ಶೀರ್ಷಿಕೆಯಲ್ಲೇ ಸ್ನಗ್ ಎಂಬ ಪದ ಇರುವ ಇನ್ನೊಂದು ಅಷ್ಟು ಗಂಭೀರ ದಾಖಲೆ ಇರಲಾರದು.

ಮ್ಯಾನ್‌ಹಟನ್ನಿನಲ್ಲಿ ರಾಂಡಲ್ ಬಿಟ್ಟುಹೋಗಿದ್ದ ತೋಟದ ಜಮೀನಿಗೆ ಅಷ್ಟರಲ್ಲಿ ಚಿನ್ನದ ಬೆಲೆ ಬಂದಿತ್ತು. ಅದನ್ನು ಬಾಡಿಗೆಗೆ ಬಿಟ್ಟು, ಸ್ಟಾಟನ್ ದ್ವೀಪದಲ್ಲಿ ಕಡಲಿಗೆ ಮುಖ ಮಾಡಿ ಗ್ರೀಕ್ ದೇಗುಲದಂಥ ಕಂಬಗಳ ಸಾಲು ಕಟ್ಟಿದರು. 1833ರಲ್ಲಿ ಬಾಗಿಲು ತೆರೆಯಿತು. 1900ರ ಸುಮಾರಿಗೆ ಹತ್ತಿರಹತ್ತಿರ ಸಾವಿರ ಮುದುಕ ನಾವಿಕರು ಅಲ್ಲಿದ್ದರು. 'ಮೋಬಿ ಡಿಕ್' ಬರೆದ ಹರ್ಮನ್ ಮೆಲ್ವಿಲ್‌ನ ತಮ್ಮ ಥಾಮಸ್ 1867ರಿಂದ 1884ರವರೆಗೆ ಅದರ ಮುಖ್ಯಸ್ಥನಾಗಿದ್ದ. ಅಣ್ಣ ಹೋಗಿ ಬಂದು ಮಾಡುತ್ತಿದ್ದ. ಬೆಳಗ್ಗೆ ಗಂಟೆ, ಊಟಕ್ಕೆ ಗಂಟೆ, ಕುಡಿತ ಕೂಡದು. ಸುತ್ತ ಎತ್ತರದ ಕಬ್ಬಿಣದ ಬೇಲಿ. ಮುದುಕರು ಬೇಲಿ ದಾಟಿ ಹೆಂಡದಂಗಡಿ ಸೇರಬಾರದು ಎಂಬುದೂ ಬೇಲಿಯ ಕೆಲಸವಾಗಿತ್ತು ಎನ್ನುತ್ತಾರೆ. ಕೇಪ್ ಹಾರ್ನ್ ಸುತ್ತಿ ಬಂದವರು ಬೇಲಿಯ ಸರಳು ಹಿಡಿದು ಹಡಗು ನೋಡುತ್ತಾ ನಿಂತಿರುವುದನ್ನು ಕಲ್ಪಿಸಿಕೊಂಡಾಗಲೆಲ್ಲ ನನಗೆ ಮುಂಗೋ ನೆನಪಾಗುತ್ತದೆ. 1976ರಲ್ಲಿ ಉಳಿದ ನಾವಿಕರನ್ನು ನಾರ್ತ್ ಕೆರೊಲೈನಾಕ್ಕೆ ಸಾಗಿಸಿದರು. ಈಗ ಅಲ್ಲಿ ಕಲಾ ಕೇಂದ್ರ, ಉದ್ಯಾನ. ಹೆಸರು ಮಾತ್ರ ಸ್ನಗ್ ಹಾರ್ಬರ್.

ಬ್ರಿಟನ್ ಮತ್ತು ಐರ್ಲೆಂಡಿನ ಹೆಂಡದಂಗಡಿಗಳಲ್ಲೂ ಈ ಪದಕ್ಕೆ ಒಂದು ಕೋಣೆ ಸಿಕ್ಕಿತ್ತು. ಪಬ್ಬಿನ ಒಂದು ಮೂಲೆಯಲ್ಲಿ ಮಬ್ಬುಗಾಜು ಹಾಕಿ ಮರೆಮಾಡಿದ ಇಕ್ಕಟ್ಟು ಕೋಣೆ, ಗಲ್ಲೆಯ ಕಡೆಗೆ ಒಂದು ಕಿಂಡಿ. ಹೆಂಗಸರು, ಪಾದ್ರಿ, ಪಾಳಿಯ ನಡುವೆ ನುಸುಳಿ ಬಂದ ಪೊಲೀಸಿನವನು, ಯಾರ ಕಣ್ಣಿಗೂ ಬೀಳದೆ ಕುಡಿಯಬೇಕಾದವರ ಜಾಗ. ಅದನ್ನೇ ಸ್ನಗ್ ಎನ್ನುತ್ತಿದ್ದರು. 1960ರಲ್ಲಿ ಶುರುವಾದ ಟಿವಿ ಧಾರಾವಾಹಿ 'ಕಾರನೇಷನ್ ಸ್ಟ್ರೀಟ್'ನಲ್ಲಿ ಮೂರು ಮುದುಕಿಯರು ಅಂಥದ್ದೊಂದು ಕೋಣೆಯಲ್ಲಿ ಕೂತು ಊರಿನವರನ್ನೆಲ್ಲ ಜಾಲಾಡುತ್ತಿದ್ದರು. 1986ರಲ್ಲಿ ಕಥೆಯೊಳಗೆ ಪಬ್ಬಿಗೆ ಬೆಂಕಿ ಬಿದ್ದು, ಹೊಸದಾಗಿ ಕಟ್ಟುವಾಗ ಆ ಕೋಣೆಯನ್ನು ಎತ್ತಿಬಿಟ್ಟರು. ನಿಜವಾದ ಪಬ್ಬುಗಳಲ್ಲೂ ಗೋಡೆ ಒಡೆದು ಎಲ್ಲವನ್ನೂ ಒಂದೇ ಹಜಾರ ಮಾಡಿದ ಕಾಲ ಅದು.

ಈಗ ಪದ ಎಲ್ಲಿದೆ? ಜೀನ್ಸಿನ ಚೀಟಿಯ ಮೇಲೆ. ಸೋಫಾದ ಜಾಹೀರಾತಿನಲ್ಲಿ. ಅಂಗೈಯಗಲದ ಫ್ಲಾಟನ್ನು ಅಂಗೈಯಗಲ ಎನ್ನಲು ನಾಚುವ ದಲ್ಲಾಳಿಯ ಬಾಯಲ್ಲಿ. ಬಿರುಗಾಳಿ ಎಲ್ಲೋ ಬಿದ್ದುಹೋಗಿದೆ, ನಾಯಿಯ ಸುಳಿವಿಲ್ಲ, ತಿಗಣೆಗೆ ಹಲ್ಲು ಬರೆದು ನಗಿಸಿದ್ದಾರೆ. ಹೊರಗೆ ಏನೂ ಇಲ್ಲದವನಿಗೆ ಒಳಗೆ ಏನು ಬೆಚ್ಚಗೆ? ನನ್ನ ಸಿಟ್ಟು ಅಷ್ಟಕ್ಕೇ. ಮೊಬೈಲಿನ ನಿಘಂಟಿನಲ್ಲಿ ಕನ್ನಡ ಅರ್ಥ ಒತ್ತಿದರೆ ಆರಾಮದಾಯಕ ಎನ್ನುತ್ತದೆ. ಕುರ್ಚಿಗೆ ಹೇಳುವ ಮಾತು.

ಕನ್ನಡದಲ್ಲಿ ಏನೆನ್ನಬೇಕೆಂದು ನಾನೂ ಒದ್ದಾಡಿದೆ. ಬೆಚ್ಚಗೆ ಎನ್ನುವುದು ಹತ್ತಿರ. ಅದರ ಪಕ್ಕದಲ್ಲೇ ಬೆಚ್ಚು ಕೂತಿದೆ, ಬೆಚ್ಚಿಬೀಳುವ ಬೆಚ್ಚು. ಮೂಲ ಬೇರೆ, ಗದ್ದೆಯಲ್ಲಿ ನಿಲ್ಲಿಸುವ ಬೆರ್ಚಪ್ಪನ ಹೆಸರಲ್ಲಿ ಹಳಗನ್ನಡದ ಬೆರ್ಚು, ಹೆದರಿಕೆಯ ಬೆರ್ಚು, ಇನ್ನೂ ಉಳಿದಿದೆ. ಕಿವಿಗೆ ಮಾತ್ರ ಬಿಸುಪು ಮತ್ತು ಭಯ ಒಂದೇ ಗೂಡಿನ ಹಕ್ಕಿಗಳು. ಇನ್ನೊಂದು ಹಾಯಿ. ಸುಖವಾಗಿರುವುದು ಹಾಯಿ, ಹಡಗಿನ ಬಟ್ಟೆಯೂ ಹಾಯಿ. ಇದೂ ಆಕಸ್ಮಿಕವೇ. ಜೋನ್ಸ್ ಕೇಳಿದರೆ ನಗುತ್ತಾನೆ. ಆದರೆ ಹಾಯಿ ಮಡಚಿದ ಮೇಲೆ ಸಿಗುವ ಹಾಯಿ ಎಂದು ಸ್ನಗ್ ಪದಕ್ಕೆ ಇಷ್ಟು ಚೊಕ್ಕ ವಿವರಣೆ ಇಂಗ್ಲಿಷಿನಲ್ಲೇ ಸಾಧ್ಯವಿಲ್ಲ. ಅಜ್ಜಿಗೆ ಫೋನ್ ಮಾಡಿ ಹೇಳಿದೆ. ಹೊದಿಕೆಯನ್ನು ಎರಡು ಸಲ ಒಗೆಸಿ, ಬಿಸಿಲಿಗೆ ಹಾಕಿಸಿ, ಹುಳದ ಚಿತ್ರ ಒಳಮಗ್ಗುಲಾಗುವ ಹಾಗೆ ಮಡಚಿ ಹೊದಿಸುತ್ತಿದ್ದಾರಂತೆ.

ಉಳಿದದ್ದು ಆ ಮಗ ವಿಲಿಯಂ. ಅಪ್ಪ ಕ್ರಾಂತಿಕಾರಿಯಾದಾಗ ಅವನು ನ್ಯೂಜೆರ್ಸಿಯಲ್ಲಿ ರಾಜನ ಗವರ್ನರ್. ಅಳಿಲಿನ ಕಾಗದದ ಉಪದೇಶವನ್ನು ಅಕ್ಷರಶಃ ಪಾಲಿಸಿದವನು ಅವನೊಬ್ಬನೇ: ಗೂಡು ಬಿಟ್ಟು ಹೊರಡಲಿಲ್ಲ. 1776ರಲ್ಲಿ ಬಂಧಿಸಿದರು. ಅವನು ಸೆರೆಯಲ್ಲಿದ್ದಾಗಲೇ ಹೆಂಡತಿ ಸತ್ತಳು. ಬಿಡುಗಡೆಯಾದ ಮೇಲೆ ಇಂಗ್ಲೆಂಡಿಗೆ ಹೋದ. ಅಪ್ಪ ಅವನನ್ನು ಕ್ಷಮಿಸಲಿಲ್ಲ.

1785ರ ಜುಲೈನಲ್ಲಿ ಫ್ರಾಂಕ್ಲಿನ್ ಫ್ರಾನ್ಸಿನಿಂದ ಅಮೆರಿಕಕ್ಕೆ ಮರಳುವ ದಾರಿಯಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ನಾಲ್ಕು ದಿನ ಇಳಿದ. ಎಪ್ಪತ್ತೊಂಬತ್ತು ವರ್ಷ, ಮೂತ್ರಕೋಶದಲ್ಲಿ ಕಲ್ಲು. ವಿಲಿಯಂ ನೋಡಲು ಬಂದ. ಅಪ್ಪ ಅವನ ಅಮೆರಿಕದ ಜಮೀನುಗಳನ್ನು ಮೊಮ್ಮಗ ಟೆಂಪಲ್‌ನ ಹೆಸರಿಗೆ ಬರೆಸಿಕೊಂಡು ಲೆಕ್ಕ ಚುಕ್ತಾ ಮಾಡಿದ. ಟ್ವೈಫರ್ಡ್‌ನಿಂದ ಬಿಷಪ್ ಶಿಪ್ಲಿ, ಹೆಂಡತಿ, ಮಗಳು ಕ್ಯಾಥರೀನ್ ಬಂದರು. ಜಾರ್ಜಿಯಾನಾ ಆಗಲೇ ಮದುವೆಯಾಗಿ ಹೋಗಿದ್ದಳು. ಒಂದು ಮಧ್ಯಾಹ್ನ ಮುದುಕ ಉಪ್ಪುನೀರಿನ ಬಿಸಿ ಸ್ನಾನಗೃಹಕ್ಕೆ ಹೋದ. ನೀರಿನ ಮೇಲೆ ಅಂಗಾತ ತೇಲುತ್ತಾ ನಿದ್ದೆ ಹೋಗಿ, ಮುಳುಗದೆ ಮಗ್ಗುಲಾಗದೆ ಹೆಚ್ಚುಕಡಿಮೆ ಒಂದು ತಾಸು ಮಲಗಿದ್ದೆ ಎಂದು ದಿನಚರಿಯಲ್ಲಿ ಗಡಿಯಾರ ನೋಡಿ ಬರೆದುಕೊಂಡ.

ಕೊನೆಯ ರಾತ್ರಿ ಶಿಪ್ಲಿ ಮನೆಯವರೂ ಅವನ ಜತೆ ಹಡಗಿಗೆ ಬಂದರು. ಕಪ್ತಾನ ಊಟ ಹಾಕಿಸಿದ. ಎಲ್ಲರೂ ಅಲ್ಲೇ ಉಳಿದರು, ಮುದುಕ ಹೋಗಿ ಮಲಗಿದ. ಬೆಳಗ್ಗೆ ಎಚ್ಚರವಾದಾಗ ಗೆಳೆಯರು ಇಳಿದು ಹೋಗಿಯಾಗಿತ್ತು. ಹಡಗು ಹಾಯಿ ಬಿಚ್ಚಿಕೊಂಡು ಸಾಗುತ್ತಿತ್ತು.